ಅಂಚಿನಲ್ಲಿ ಕುಳಿತ ಕಳ್ಳನಿಗೆ ಹೊಣೆ ಯಾರು?

ನಮ್ಮ ಸೋದರಮಾವ ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಬೆಳಗಿನ ಕಾಫಿಯೊಂದಿಗೆ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಅದೂ ಸಾಲದೆ ಮಗ ಬಿಟ್ಟುಹೋದ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು ನಾಲ್ಕಾರು ಸುದ್ದಿತಾಣಗಳನ್ನು ಜಾಲಾಡುವುದು ಅವರ ನಿತ್ಯದ ಪರಿಪಾಠ. ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಯಾವುದೋ ಲೇಖನವನ್ನು ಓದುತ್ತಿದ್ದಾಗ ಅಕ್ಷರಗಳ ಮೇಲೆ ಜಾಹೀರಾತೊಂದು ಬಂದು ಕುಳಿತಿತು. ಅದನ್ನು ಮುಚ್ಚಲೆಂದು ಮೂಲೆಯಲ್ಲಿದ್ದ ಗುಣಾಕಾರದ ಗುರುತನ್ನು ಒತ್ತಿದರು. ಮರುಕ್ಷಣ ಪರದೆಯ ತುಂಬ ಕೆಂಪು. ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಬ್ಯಾಂಕಿನ ವಿವರಗಳು ಸೋರಿಹೋಗುತ್ತಿವೆ, ಯಂತ್ರವನ್ನು ಆರಿಸಬೇಡಿ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ ಎಂಬ ಎಚ್ಚರಿಕೆ. ಜತೆಗೆ ಆಂಬುಲೆನ್ಸಿನಂಥ ಕೂಗು. ಅವರು ಕರೆ ಮಾಡಿದರು. ಅತ್ತಲಿಂದ ಅತ್ಯಂತ ವಿನಯದ ದನಿಯೊಂದು ಅರ್ಧ ಗಂಟೆ ಕಾಲ ಅವರನ್ನು ಕೈಹಿಡಿದು ನಡೆಸಿತು. ದೂರದಿಂದಲೇ ಕಂಪ್ಯೂಟರನ್ನು ನಿಯಂತ್ರಿಸುವ ತಂತ್ರಾಂಶವನ್ನು ಅವರಿಂದಲೇ ಇಳಿಸಿಕೊಳ್ಳುವಂತೆ ಮಾಡಿತು. ಪಿಂಚಣಿ ಖಾತೆಯಿಂದ ಹದಿನೆಂಟು ಸಾವಿರ ರೂಪಾಯಿ ಹೋಯಿತು.

ಸಂಜೆ ನಾನು ಹೋಗಿ ಕುಳಿತಾಗ ಅವರು ಹಣದ ಮಾತನ್ನೇ ಎತ್ತಲಿಲ್ಲ. ‘ಅಲ್ಲಯ್ಯಾ, ನಾನು ಕೆಟ್ಟ ಜಾಗಕ್ಕೆ ಹೋಗಲಿಲ್ಲ, ಕಂಡದ್ದನ್ನೆಲ್ಲ ಇಳಿಸಿಕೊಳ್ಳಲಿಲ್ಲ. ಹೆಸರುವಾಸಿಯಾದ ಕಡೆಯೇ ಕುಳಿತು ಓದುತ್ತಿದ್ದೆ. ಓದುವುದೂ ತಪ್ಪೇ?’ ಎಂದಷ್ಟೇ ಕೇಳಿದರು. ಮೂರು ದಶಕ ಮಕ್ಕಳಿಗೆ ಓದಿ ಎಂದು ಹೇಳಿದವರು ಕೇಳಿದ ಪ್ರಶ್ನೆ ಇದು. ಅದಕ್ಕೆ ಆಗ ನನ್ನಲ್ಲಿ ನೆಟ್ಟಗಿನ ಉತ್ತರವಿರಲಿಲ್ಲ. ಈ ಲೇಖನ ಆ ಉತ್ತರವನ್ನು ಹುಡುಕುವ ಪ್ರಯತ್ನ.

ಕಂಪ್ಯೂಟರ್ ಸುರಕ್ಷತೆಯ ಬಗೆಗೆ ಇಪ್ಪತ್ತೈದು ವರ್ಷಗಳಿಂದ ನಾವು ಕೇಳುತ್ತಾ ಬಂದಿರುವ ಬುದ್ಧಿಮಾತುಗಳೆಲ್ಲ ಓದುಗನ ನಡತೆಯನ್ನು ಕುರಿತವು. ಅಪರಿಚಿತರ ಇ-ಮೇಲ್ ತೆರೆಯಬೇಡಿ, ಅಶ್ಲೀಲ ತಾಣಗಳಿಗೆ ಹೋಗಬೇಡಿ, ಕದ್ದ ಸಿನಿಮಾ ನೋಡಬೇಡಿ. ಇವೆಲ್ಲ ಸರಿಯೇ. ಆದರೆ ಜಾಹೀರಾತಿನ ಮೂಲಕ ಹರಡುವ ಕುತಂತ್ರಾಂಶದ ವಿಶೇಷವೇ ಅದು ಸಜ್ಜನರ ಮನೆಯ ಬಾಗಿಲಲ್ಲೇ ಕಾದು ಕುಳಿತಿರುತ್ತದೆ ಎಂಬುದು. ಇಂಗ್ಲಿಷಿನಲ್ಲಿ ಇದಕ್ಕೆ ಮಾಲ್ವರ್ಟೈಸಿಂಗ್ ಎಂಬ ಹೆಸರೇ ಇದೆ. ತಾಣವನ್ನು ಒಡೆದು ಒಳನುಗ್ಗುವ ಶ್ರಮವನ್ನು ಕಳ್ಳ ಇಲ್ಲಿ ತೆಗೆದುಕೊಳ್ಳುವುದಿಲ್ಲ. ದುಡ್ಡು ಕೊಟ್ಟು, ರಸೀದಿ ಪಡೆದು, ಪುಟದ ಅಂಚಿನಲ್ಲಿ ಜಾಗ ಕೊಳ್ಳುತ್ತಾನೆ.

ಇದು ಹೇಗೆ ಸಾಧ್ಯ ಎಂದು ಅಚ್ಚಿನ ಪತ್ರಿಕೆಯನ್ನು ಬಲ್ಲವರಿಗೆ ಅಚ್ಚರಿಯಾಗಬಹುದು. ಪತ್ರಿಕಾ ಕಚೇರಿಗೆ ಒಂದು ಸೀರೆ ಅಂಗಡಿಯ ಜಾಹೀರಾತು ಬಂದರೆ ಅದನ್ನು ಜಾಹೀರಾತು ವಿಭಾಗದವರು ನೋಡುತ್ತಾರೆ, ಪುಟ ಕಟ್ಟುವವರು ನೋಡುತ್ತಾರೆ, ಅಚ್ಚಿಗೆ ಹೋಗುವ ಮುನ್ನ ಇನ್ನೊಬ್ಬರು ನೋಡುತ್ತಾರೆ. ಮರುದಿನ ಮೈಸೂರಿನ ಓದುಗನಿಗೂ ಬೀದರಿನ ಓದುಗನಿಗೂ ಕಾಣುವುದು ಅದೇ ಚಿತ್ರ. ಜಾಲತಾಣದಲ್ಲಿ ಹಾಗಲ್ಲ. ಅಲ್ಲಿ ಸಂಪಾದಕೀಯ ವಿಭಾಗ ಸಿದ್ಧಪಡಿಸುವುದು ಸುದ್ದಿಯನ್ನು ಮಾತ್ರ. ಜಾಹೀರಾತಿನ ಜಾಗದಲ್ಲಿ ಇರುವುದು ಬರೀ ಒಂದು ತೂತು. ನೀವು ಪುಟವನ್ನು ತೆರೆದ ಕ್ಷಣ ಆ ತೂತು ಹರಾಜಿಗೆ ಬರುತ್ತದೆ. ಶಿರಸಿಯ ಅಡಿಕೆ ಮಾರುಕಟ್ಟೆಯಲ್ಲಿ ವ್ಯಾಪಾರಿ ರಾಶಿಯ ಮುಂದೆ ನಿಂತು, ಕೈಯಾಡಿಸಿ ನೋಡಿ, ದರ ಬರೆಯುವುದನ್ನು ಕಂಡವರಿಗೆ ಇದನ್ನು ಸುಲಭವಾಗಿ ಹೇಳಬಹುದು: ಇಲ್ಲಿ ರಾಶಿ ಎಂದರೆ ನೀವೇ. ನಿಮ್ಮ ಊರು, ನಿಮ್ಮ ಕಂಪ್ಯೂಟರಿನ ಬಗೆ, ನಿಮ್ಮ ಬ್ರೌಸರ್, ನಿನ್ನೆ ನೀವು ಏನನ್ನು ಹುಡುಕಿದಿರಿ ಎಂಬ ಸುಳಿವು, ಇಷ್ಟನ್ನು ಮುಂದಿಟ್ಟುಕೊಂಡು ಎಷ್ಟೋ ಮಂದಿ ಬಿಡ್ ಕೂಗುತ್ತಾರೆ. ಹೆಚ್ಚು ಕೂಗಿದವನ ಜಾಹೀರಾತು ಬಂದು ತೂತಿನಲ್ಲಿ ಕೂರುತ್ತದೆ. ಇದೆಲ್ಲ ಮುಗಿಯಲು ಬೇಕಾಗುವುದು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ. ಪತ್ರಿಕೆಗೂ ಜಾಹೀರಾತುದಾರನಿಗೂ ನಡುವೆ ಮೂರೋ ನಾಲ್ಕೋ ದಲ್ಲಾಳಿಗಳು. ನಿಮಗೆ ಬಂದ ಜಾಹೀರಾತು ಪಕ್ಕದ ಮನೆಯವರಿಗೆ ಬಂದಿರಬೇಕೆಂದಿಲ್ಲ. ಸಂಪಾದಕರಿಗಂತೂ ಅದು ಎಂದೂ ಕಾಣದೆ ಹೋಗಬಹುದು.

ಇನ್ನೊಂದು ಮಾತು. ಪರದೆಯ ಮೇಲಿನ ಜಾಹೀರಾತು ಕೇವಲ ಚಿತ್ರವಲ್ಲ. ಹೆಚ್ಚಿನ ಪಾಲು ಅದೊಂದು ಚಿಕ್ಕ ಪ್ರೋಗ್ರಾಮ್. ಅದು ಓದುಗನ ಯಂತ್ರದಲ್ಲೇ ಚಾಲನೆಗೊಳ್ಳುತ್ತದೆ. ಬೇರೆ ಕಡೆಯಿಂದ ಮತ್ತಷ್ಟು ಸಾಮಗ್ರಿಯನ್ನು ಕರೆಸಿಕೊಳ್ಳುತ್ತದೆ. ಬಯಸಿದರೆ ಬೇರೊಂದು ಪುಟಕ್ಕೆ ನಿಮ್ಮನ್ನು ಎಳೆದೊಯ್ಯಲು ನೋಡುತ್ತದೆ. ಗೋಡೆಗೆ ಭಿತ್ತಿಪತ್ರ ಅಂಟಿಸಲು ಅನುಮತಿ ಕೊಡುವುದು ಬೇರೆ, ಅಂಟಿಸಲು ಬಂದವನನ್ನು ಅಡುಗೆಮನೆಯವರೆಗೆ ಬಿಟ್ಟುಕೊಳ್ಳುವುದು ಬೇರೆ.

ಇದರ ಪರಿಣಾಮವೇನೆಂಬುದು ದೊಡ್ಡವರಿಗೆ ಮನವರಿಕೆಯಾದದ್ದು 2009ರ ಸೆಪ್ಟೆಂಬರಿನಲ್ಲಿ. ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜಾಲತಾಣಕ್ಕೆ ವೊನೇಜ್ ಎಂಬ ಅಂತರ್ಜಾಲ ದೂರವಾಣಿ ಸಂಸ್ಥೆಯ ಹೆಸರಿನಲ್ಲಿ ಯಾರೋ ಜಾಹೀರಾತು ತಂದರು. ವೊನೇಜ್ ಹಿಂದೆಯೂ ಅಲ್ಲಿ ಜಾಹೀರಾತು ಕೊಟ್ಟಿದ್ದ ಸಂಸ್ಥೆ. ಆದ್ದರಿಂದ ಅಪರಿಚಿತ ಸರ್ವರಿನಿಂದ ಜಾಹೀರಾತನ್ನು ಬಿತ್ತರಿಸುತ್ತೇವೆ ಎಂದಾಗಲೂ ಜಾಹೀರಾತು ವಿಭಾಗ ಒಪ್ಪಿತು. ಮೊದಲಿಗೆ ಕಂಡದ್ದು ನಿಜವಾದ ವೊನೇಜ್ ಜಾಹೀರಾತೇ. ವಾರಾಂತ್ಯ ಬಂದೊಡನೆ ಅದರ ಜಾಗದಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂಬ ಸುಳ್ಳು ಎಚ್ಚರಿಕೆ ಮೂಡತೊಡಗಿತು. ಶುಚಿಗೊಳಿಸುವ ನೆಪದಲ್ಲಿ ನಕಲಿ ತಂತ್ರಾಂಶವನ್ನು ಮಾರುವ ಪುಟಕ್ಕೆ ಓದುಗರನ್ನು ಎಳೆದೊಯ್ದಿತು. ವಾರಾಂತ್ಯವನ್ನೇ ಆರಿಸಿಕೊಂಡದ್ದು ಆಕಸ್ಮಿಕವಿರಲಾರದು. ಶನಿವಾರ-ಭಾನುವಾರ ಕಚೇರಿಯಲ್ಲಿ ದೂರು ಕೇಳುವವರು ಕಡಿಮೆ, ಮನೆಯಲ್ಲಿ ಓದುವವರು ಹೆಚ್ಚು. ಪತ್ರಿಕೆಯೇನೋ ಪ್ರಾಮಾಣಿಕವಾಗಿ ನಡೆದುಕೊಂಡಿತು. ಹೊರಗಿನವರ ಜಾಹೀರಾತುಗಳನ್ನು ತಡೆಹಿಡಿದು, ನಡೆದದ್ದನ್ನು ತಾನೇ ವರದಿ ಮಾಡಿತು. ನಮ್ಮ ಮಾವನ ಪರದೆಯ ಮೇಲೆ ಮೂಡಿದ ಎಚ್ಚರಿಕೆಗೂ ಇದಕ್ಕೂ ಇರುವ ಸಾಮ್ಯವನ್ನು ಓದುಗರು ಗಮನಿಸಿರಬಹುದು. ಭಾನುವಾರವೂ ಸೇರಿದಂತೆ.

ಅದಕ್ಕೂ ಒಂಬತ್ತು ತಿಂಗಳ ಮೊದಲು, 2008ರ ಡಿಸೆಂಬರಿನಲ್ಲಿ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥದೇ ಒಂದು ಜಾಲದ ಮೇಲೆ ಮೊಕದ್ದಮೆ ಹೂಡಿತ್ತು. ವಿನ್‌ಫಿಕ್ಸರ್, ಡ್ರೈವ್‌ಕ್ಲೀನರ್, ಎಕ್ಸ್‌ಪಿ ಆಂಟಿವೈರಸ್ ಮುಂತಾದ ಹೆಸರಿನ ನಕಲಿ ಮದ್ದುಗಳನ್ನು ಹತ್ತು ಲಕ್ಷಕ್ಕೂ ಮೀರಿದ ಗ್ರಾಹಕರಿಗೆ ಈ ಜಾಲ ಮಾರಿತ್ತೆಂಬುದು ಆರೋಪ. ಅದರ ಕಾರ್ಯವಿಧಾನ ಮಾತ್ರ ಜಾಣತನದ ಪರಮಾವಧಿ. ಗೌರವಾನ್ವಿತ ಸಂಸ್ಥೆಗಳ ಪರವಾಗಿ ಬಂದ ಏಜೆನ್ಸಿಯೆಂದು ಹೇಳಿಕೊಂಡು ಜಾಗ ಖರೀದಿಸುವುದು. ಜಾಹೀರಾತು ಜಾಲದವರೋ ತಾಣದವರೋ ತಮ್ಮ ಕಚೇರಿಯಿಂದ ತೆರೆದು ನೋಡಿದರೆ ಅವರಿಗೆ ನಿರಪಾಯಕಾರಿಯಾದ ಜಾಹೀರಾತನ್ನೇ ತೋರಿಸುವುದು. ಉಳಿದವರಿಗೆ ಮಾತ್ರ ಕೇಡಿನದನ್ನು. ಇನ್‌ಸ್ಪೆಕ್ಟರ್ ಬಂದಾಗ ತೂಕದ ಬಟ್ಟು ಬದಲಾಯಿಸುವ ವ್ಯಾಪಾರಿಯ ವಿದ್ಯೆಯಿದು. 2012ರಲ್ಲಿ ನ್ಯಾಯಾಲಯ ಆರೋಪಿಗಳಲ್ಲೊಬ್ಬರಿಗೆ 16.3 ಕೋಟಿ ಡಾಲರ್ ತೆರಲು ಆದೇಶಿಸಿತು. ಅಷ್ಟರಲ್ಲಿ ಆ ವಿದ್ಯೆ ನೂರು ಕೈ ದಾಟಿತ್ತು.

ಈ ದಂಧೆ ಕ್ರಮೇಣ ಹೆದರಿಸಿ ಮಾರುವುದನ್ನು ಬಿಟ್ಟು, ಕೇಳದೆಯೇ ಒಳನುಗ್ಗುವ ಹಂತಕ್ಕೆ ಬಂತು. ಫ್ಲ್ಯಾಶ್, ಜಾವಾ ಮುಂತಾದ ಪೂರಕ ತಂತ್ರಾಂಶಗಳು ಆಗ ಪ್ರತಿ ಕಂಪ್ಯೂಟರಿನಲ್ಲೂ ಇದ್ದವು. ಅವುಗಳಲ್ಲಿ ಬಿರುಕುಗಳೂ ಇದ್ದವು. ಜಾಹೀರಾತು ಸದ್ದಿಲ್ಲದೆ ಓದುಗನ ಬ್ರೌಸರನ್ನು ಮತ್ತೊಂದು ಸರ್ವರಿಗೆ ಜೋಡಿಸುತ್ತಿತ್ತು. ಅಲ್ಲಿದ್ದ ತಂತ್ರಾಂಶ ಯಾವ ಬಿರುಕು ತೆರೆದಿದೆಯೆಂದು ತಡಕಿ ನೋಡಿ ಅದರ ಮೂಲಕ ಕುತಂತ್ರಾಂಶವನ್ನು ಇಳಿಸುತ್ತಿತ್ತು. ಓದುಗ ಏನನ್ನೂ ಒತ್ತಬೇಕಿರಲಿಲ್ಲ. 2013ರ ಡಿಸೆಂಬರ್ ಕೊನೆಯಿಂದ 2014ರ ಜನವರಿ 3ರವರೆಗೆ ಯಾಹೂ ಸಂಸ್ಥೆಯ ಐರೋಪ್ಯ ತಾಣಗಳಲ್ಲಿ ಹೀಗಾದಾಗ, ಡಚ್ ಸುರಕ್ಷತಾ ಸಂಸ್ಥೆ ಫಾಕ್ಸ್-ಐಟಿ ಮಾಡಿದ ಅಂದಾಜಿನಂತೆ ಗಂಟೆಗೆ 27,000 ಕಂಪ್ಯೂಟರುಗಳು ಸೋಂಕಿಗೊಳಗಾಗುತ್ತಿದ್ದವು.

2016ರ ಮಾರ್ಚ್ ಘಟನೆಯಂತೂ ಕತೆಯಂತಿದೆ. ಬ್ರೆಂಟ್ಸ್ ಮೀಡಿಯಾ ಎಂಬುದೊಂದು ಚಿಕ್ಕ, ನಿರುಪದ್ರವಿ ಜಾಹೀರಾತು ಸಂಸ್ಥೆಯ ಜಾಲವಿಳಾಸವಾಗಿತ್ತು. ಆ ವರ್ಷದ ಜನವರಿ 1ರಂದು ಅದರ ನೋಂದಣಿಯ ಅವಧಿ ಮುಗಿಯಿತು, ಯಾರೂ ನವೀಕರಿಸಲಿಲ್ಲ. ಮಾರ್ಚ್ 6ರಂದು ಬೇರಾರೋ ಅದನ್ನು ಕೊಂಡರು. ಹಳೆಯ ಹೆಸರಿಗಿದ್ದ ಮರ್ಯಾದೆಯ ಬಲದಿಂದ ಹೊಸ ಯಜಮಾನರ ಜಾಹೀರಾತು ದೊಡ್ಡ ದೊಡ್ಡ ಜಾಲಗಳೊಳಗೆ ಸಲೀಸಾಗಿ ಸೇರಿತು. ಅದೇ ತಿಂಗಳು ನ್ಯೂಯಾರ್ಕ್ ಟೈಮ್ಸ್, ಬಿಬಿಸಿ, ಎಂಎಸ್ಎನ್, ಎಓಎಲ್ ಮುಂತಾದ ತಾಣಗಳ ಓದುಗರನ್ನು ಗುರಿಯಾಗಿಸಿದ ಜಾಹೀರಾತು ದಾಳಿ ಬೆಳಕಿಗೆ ಬಂತು. ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳುವ ಟೆಸ್ಲಾಕ್ರಿಪ್ಟ್ ಕುತಂತ್ರಾಂಶ ಈ ದಾರಿಯಲ್ಲಿ ಬಂತು. ಅದೇ ವರ್ಷಾಂತ್ಯದಲ್ಲಿ ಇಸೆಟ್ ಸಂಸ್ಥೆಯ ಸಂಶೋಧಕರು ಕಂಡುಹಿಡಿದ ಇನ್ನೊಂದು ಪ್ರಕರಣದಲ್ಲಿ ಕೇಡಿನ ಸಂಕೇತಗಳನ್ನು ಜಾಹೀರಾತಿನ ಚಿತ್ರದೊಳಗೇ ಹುದುಗಿಸಲಾಗಿತ್ತು. ಚಿತ್ರದ ಪ್ರತಿ ಬಿಂದುವಿಗೂ ಇಷ್ಟು ಪಾರದರ್ಶಕವೆಂಬ ಒಂದು ಅಂಕಿ ಇರುತ್ತದೆ. ಆ ಅಂಕಿಗಳನ್ನು ಕಣ್ಣಿಗೆ ಕಾಣದಷ್ಟು ತಿದ್ದಿ ಅದರಲ್ಲಿ ಪ್ರೋಗ್ರಾಮನ್ನು ಬರೆದಿದ್ದರು. ನೋಡುವವರಿಗೆ ಕಂಡದ್ದು ಸ್ವಲ್ಪ ಮಾಸಿದಂಥ ಒಂದು ಸಾಧಾರಣ ಜಾಹೀರಾತು.

ಆನಂತರ ಬಾಗಿಲುಗಳು ಒಂದೊಂದಾಗಿ ಭದ್ರವಾದವು. ಬ್ರೌಸರುಗಳು ತಾವಾಗಿ ನವೀಕರಣಗೊಳ್ಳತೊಡಗಿದವು. 2018ರ ಆರಂಭದಲ್ಲಿ ಕ್ರೋಮ್, ಓದುಗ ಮುಟ್ಟದೆಯೇ ಜಾಹೀರಾತು ಅವನನ್ನು ಬೇರೆಡೆಗೆ ಎಳೆದೊಯ್ಯುವುದನ್ನು ತಡೆಯಿತು. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಅಧಿಕೃತವಾಗಿ ಕೊನೆಗೊಂಡಿತು. ಹಾಗೆಂದು ಕಳ್ಳರೇನೂ ನಿವೃತ್ತರಾಗಲಿಲ್ಲ. ಯಂತ್ರದ ಬಿರುಕು ಮುಚ್ಚಿದಾಗ ಮನುಷ್ಯನ ಬಿರುಕಿಗೆ ಕೈಹಾಕಿದರು. ಗುಣಾಕಾರದ ಗುರುತೇ ಬಲೆಯಾದದ್ದು ಹೀಗೆ. ನೀವು ಮುಟ್ಟದೆ ಏನೂ ಆಗದೆಂದಾದರೆ, ನೀವು ಮುಟ್ಟಿಯೇ ತೀರುವ ಜಾಗದಲ್ಲಿ ಬಲೆ ಹಾಸಿದರಾಯಿತಲ್ಲ!

ಈಗಿನ ದೊಡ್ಡ ಅಪಾಯ ಸುದ್ದಿಪುಟದ ಅಂಚಿನಲ್ಲಿರುವಷ್ಟೇ ಹುಡುಕುತಾಣದ ನೆತ್ತಿಯ ಮೇಲೂ ಇದೆ. ಯಾವುದೋ ತಂತ್ರಾಂಶದ ಹೆಸರನ್ನೋ ಬ್ಯಾಂಕಿನ ಹೆಸರನ್ನೋ ಟೈಪು ಮಾಡಿದರೆ ಮೊದಲಿಗೆ ಬರುವುದು ಹುಡುಕಾಟದ ಫಲಿತಾಂಶವಲ್ಲ, ಜಾಹೀರಾತು. ‘ಪ್ರಾಯೋಜಿತ’ ಎಂಬ ಪದ ಅಲ್ಲಿರುತ್ತದೆ, ಓದುವ ವ್ಯವಧಾನ ಎಷ್ಟು ಮಂದಿಗಿದೆ? 2023ರ ಅಕ್ಟೋಬರಿನಲ್ಲಿ ಕೀಪಾಸ್ ಎಂಬ ತಂತ್ರಾಂಶದ ಹೆಸರಿನಲ್ಲಿ ಬಂದ ಜಾಹೀರಾತನ್ನು ನೋಡಿ. ಪಾಸ್‌ವರ್ಡುಗಳನ್ನು ಭದ್ರವಾಗಿಡುವ ತಂತ್ರಾಂಶವದು. ಎಂದರೆ ಅದನ್ನು ಹುಡುಕಿ ಬರುವವರು ಎಚ್ಚರಿಕೆಯ ಸ್ವಭಾವದವರೇ. ಜಾಹೀರಾತಿನಲ್ಲಿ ಕಂಡ ವಿಳಾಸ ಅಸಲಿಯದೇ. ಒತ್ತಿದ ಮೇಲೆ ತೆರೆದುಕೊಂಡ ಪುಟದ ವಿಳಾಸದಲ್ಲಿ ಮಾತ್ರ ಇಂಗ್ಲಿಷಿನ ‘ಕೆ’ ಅಕ್ಷರದ ಅಡಿಯಲ್ಲಿ ಒಂದು ಪುಟ್ಟ ಚುಕ್ಕೆಯಂಥ ಗುರುತಿತ್ತು. ಬೇರೊಂದು ಭಾಷೆಯ ಅಕ್ಷರವದು. ಪರದೆಯ ಮೇಲೆ ಕೊಳೆ ಕೂತಿದೆಯೆಂದು ಬೆರಳಿನಿಂದ ಒರೆಸುವಷ್ಟು ಚಿಕ್ಕದು. ಒಂದು ಒತ್ತಕ್ಷರ ತಪ್ಪಿದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದ ನಮ್ಮ ಮಾವನ ಕಣ್ಣಿಗೂ ಅದು ಬೀಳುತ್ತಿರಲಿಲ್ಲ.

2024ರಿಂದ ಇನ್ನೊಂದು ಉಪಾಯ ಚಲಾವಣೆಗೆ ಬಂದಿದೆ. ‘ನೀವು ಯಂತ್ರವಲ್ಲ, ಮನುಷ್ಯರೆಂದು ಸಾಬೀತುಪಡಿಸಿ’ ಎಂದು ಕೇಳುವ ಚೌಕ ನಮಗೆಲ್ಲ ರೂಢಿಯಾಗಿಹೋಗಿದೆ. ಜಾಹೀರಾತಿನಿಂದ ತೆರೆದ ಪುಟ ಅಂಥದೇ ಚೌಕವನ್ನು ತೋರಿಸಿ, ವಿಂಡೋಸ್ ಕೀಲಿಯನ್ನೂ ಆರ್ ಕೀಲಿಯನ್ನೂ ಒಟ್ಟಿಗೆ ಒತ್ತಿ, ಬಳಿಕ ಕಂಟ್ರೋಲ್ ಮತ್ತು ವಿ ಒತ್ತಿ, ಕೊನೆಗೆ ಎಂಟರ್ ಒತ್ತಿ ಎಂದು ಹೇಳುತ್ತದೆ. ಅಷ್ಟರಲ್ಲಿ ಪುಟವು ಒಂದು ಆಜ್ಞೆಯನ್ನು ನಿಮ್ಮ ಕಂಪ್ಯೂಟರಿನ ನಕಲು ಸ್ಮೃತಿಯಲ್ಲಿ ಗುಟ್ಟಾಗಿ ಇರಿಸಿರುತ್ತದೆ. ಓದುಗ ತನ್ನ ಕೈಯಾರೆ ಅದನ್ನು ಅಂಟಿಸಿ ಚಾಲನೆ ಕೊಡುತ್ತಾನೆ. ಪಾಸ್‌ವರ್ಡುಗಳನ್ನು ಕದಿಯುವ ಕುತಂತ್ರಾಂಶ ಇಳಿದು ಬರುತ್ತದೆ. ಯಾವ ಸಾಚಾ ತಾಣವೂ ಹೀಗೆ ಕೀಲಿಗಳನ್ನು ಒತ್ತಿಸಿ ಮನುಷ್ಯತ್ವದ ಪ್ರಮಾಣಪತ್ರ ಕೇಳುವುದಿಲ್ಲ. ಈ ಲೇಖನದಲ್ಲಿ ನೆನಪಿಡಲೇಬೇಕಾದ ಒಂದು ಸಂಗತಿಯನ್ನು ಆರಿಸೆಂದರೆ ನಾನು ಇದನ್ನೇ ಆರಿಸುತ್ತೇನೆ. 2024ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಪತ್ತೆಹಚ್ಚಿದ ಬೇರೊಂದು ದಾಳಿ, ಕದ್ದ ಚಲನಚಿತ್ರಗಳನ್ನು ತೋರಿಸುವ ತಾಣಗಳ ಜಾಹೀರಾತಿನಿಂದ ಆರಂಭವಾಗಿ, ಜಗತ್ತಿನಾದ್ಯಂತ ಸುಮಾರು ಹತ್ತು ಲಕ್ಷ ಯಂತ್ರಗಳನ್ನು ಮುಟ್ಟಿತ್ತು.

ಹೊರದೇಶದ ಕತೆಗಳಾದವು, ನಮಗೇನು ಎನ್ನುವಂತಿಲ್ಲ. ಕೆಂಪು ಪರದೆಯ ಹಿಂದಿನ ವಿನಯದ ದನಿಗೆ ನಮ್ಮ ದೇಶದ ನಂಟು ಗಾಢವಾಗಿದೆ, ಸಂಕೋಚದಿಂದಲೇ ಒಪ್ಪಿಕೊಳ್ಳಬೇಕು. ಮೈಕ್ರೋಸಾಫ್ಟಿನ ದೂರಿನ ಮೇರೆಗೆ ದೆಹಲಿ, ನೋಯ್ಡಾ, ಗುರುಗ್ರಾಮಗಳ ಕಾಲ್ ಸೆಂಟರುಗಳ ಮೇಲೆ ಪೊಲೀಸರು 2018ರಲ್ಲೇ ದಾಳಿ ನಡೆಸಿದ್ದರು. 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಹೆಸರಿನಲ್ಲಿ 76 ಕಡೆ ಶೋಧ ನಡೆಸಿದಾಗ, ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ದೂರುಗಳನ್ನು ಆಧರಿಸಿದ, ತಾಂತ್ರಿಕ ನೆರವಿನ ಸೋಗಿನಲ್ಲಿ ವಿದೇಶಿಯರನ್ನು ಸುಲಿದ ಪ್ರಕರಣಗಳೂ ಅದರಲ್ಲಿದ್ದವು. ಅಮೆರಿಕದ ಅಜ್ಜ-ಅಜ್ಜಿಯರ ಮೇಲೆ ಪಳಗಿಸಿಕೊಂಡ ಕೈ ಈಗ ಜಯನಗರದ ಅಜ್ಜನವರೆಗೂ ಚಾಚಿದೆ, ಅಷ್ಟೆ.

ಹಾಗಾದರೆ ಹೊಣೆ ಯಾರದು? ಕುತಂತ್ರಾಂಶವನ್ನು ಬಿಟ್ಟವನದೆಂಬುದರಲ್ಲಿ ಸಂಶಯವಿಲ್ಲ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೇ ಕಲಮುಗಳು ಅನ್ಯರ ಕಂಪ್ಯೂಟರಿಗೆ ವೈರಸ್ ಸೇರಿಸುವವನಿಗೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತವೆ. ಆದರೆ ಅವನು ಸಿಕ್ಕಬೇಕಲ್ಲ! ಸಿಗುವವರು ಬೇರೆ ಇದ್ದಾರೆ: ಜಾಗ ಮಾರಿದ ತಾಣ, ನಡುವಿನ ದಲ್ಲಾಳಿಗಳು, ಹರಾಜು ನಡೆಸಿದ ಸಂಸ್ಥೆ. ಇವರೆಲ್ಲರೂ ಆ ಜಾಹೀರಾತಿನಿಂದ ತಮ್ಮ ತಮ್ಮ ಪಾಲಿನ ಕಾಸನ್ನು ಪಡೆದಿದ್ದಾರೆ. ವಿಚಾರಿಸಿದರೆ ಒಬ್ಬೊಬ್ಬರೂ ಮುಂದಿನವರತ್ತ ಬೆರಳು ತೋರಿಸುತ್ತಾರೆ. ಮಾವನ ಪರವಾಗಿ ನಾನು ಆ ತಾಣಕ್ಕೆ ಬರೆದ ಪತ್ರಕ್ಕೆ ಬಂದ ಉತ್ತರವೂ ಅದೇ ಜಾತಿಯದು: ಜಾಹೀರಾತುಗಳನ್ನು ಮೂರನೆಯವರು ಒದಗಿಸುತ್ತಾರೆ, ಅವುಗಳ ಮೇಲೆ ನಮಗೆ ಹತೋಟಿಯಿಲ್ಲ.

ಈ ಮಾತನ್ನು ಅಚ್ಚಿನ ಪತ್ರಿಕೆಯೊಂದು ಆಡಿದ್ದರೆ ನಾವು ಒಪ್ಪುತ್ತಿದ್ದೆವೇ? ಭಾರತೀಯ ಪತ್ರಿಕಾ ಮಂಡಳಿಯ ನಡಾವಳಿ ಸೂತ್ರಗಳು, ಪತ್ರಿಕೆಯಲ್ಲಿ ಪ್ರಕಟವಾಗುವ ಜಾಹೀರಾತುಗಳೂ ಸೇರಿದಂತೆ ಎಲ್ಲಕ್ಕೂ ಸಂಪಾದಕನೇ ಹೊಣೆ, ಹೊಣೆಯನ್ನು ನಿರಾಕರಿಸುವುದಾದರೆ ಅದನ್ನು ಮೊದಲೇ ಸ್ಪಷ್ಟವಾಗಿ ಪ್ರಕಟಿಸಬೇಕು ಎಂದು ಹೇಳುತ್ತವೆ. ಕಾಗದದಿಂದ ಪರದೆಗೆ ಬಂದೊಡನೆ ಆ ಸೂತ್ರ ಆವಿಯಾಗಿಬಿಡುವುದಕ್ಕೆ ಕಾರಣ ಕಾಣೆ. ಅಚ್ಚಿನಲ್ಲಿ ಕೆಟ್ಟ ಜಾಹೀರಾತು ಓದುಗನ ತಲೆಯನ್ನಷ್ಟೇ ಕೆಡಿಸೀತು. ಪರದೆಯಲ್ಲಿ ಅದು ಅವನ ಬ್ಯಾಂಕ್ ಖಾತೆಗೇ ಕೈಹಾಕುತ್ತದೆ. ಹೊಣೆ ಹೆಚ್ಚಬೇಕಾದ ಕಡೆಯೇ ಕಡಿಮೆಯಾಗಿದೆ.

ದಲ್ಲಾಳಿಗಳು ಸುಮ್ಮನೆ ಕುಳಿತಿಲ್ಲವೆಂಬುದನ್ನೂ ಹೇಳಬೇಕು. 2024ರಲ್ಲಿ 510 ಕೋಟಿ ಜಾಹೀರಾತುಗಳನ್ನು ತೆಗೆದುಹಾಕಿದ್ದಾಗಿಯೂ 3.92 ಕೋಟಿ ಜಾಹೀರಾತುದಾರರ ಖಾತೆಗಳನ್ನು ಅಮಾನತುಗೊಳಿಸಿದ್ದಾಗಿಯೂ ಗೂಗಲ್ ಪ್ರಕಟಿಸಿದೆ. ಅವುಗಳಲ್ಲಿ ಭಾರತದ ಖಾತೆಗಳೇ 29 ಲಕ್ಷ. ಈ ಅಂಕಿಗಳನ್ನು ಕಾವಲಿನ ಸಾಧನೆಯೆಂದು ಓದಬಹುದು. ಅಷ್ಟೊಂದು ಕಳ್ಳರಿಗೆ ಮೊದಲು ಖಾತೆ ತೆರೆದುಕೊಟ್ಟವರು ಯಾರು ಎಂದೂ ಕೇಳಬಹುದು. ಇದೇ ಗೂಗಲ್, ತಾಣಗಳು ಜಾಗ ಮಾರಲು ಬಳಸುವ ತಂತ್ರಾಂಶದ ಮಾರುಕಟ್ಟೆಯಲ್ಲೂ ಹರಾಜಿನ ಕಟ್ಟೆಯಲ್ಲೂ ಕಾನೂನುಬಾಹಿರವಾಗಿ ಏಕಸ್ವಾಮ್ಯ ಸಾಧಿಸಿದೆಯೆಂದು ಅಮೆರಿಕದ ವರ್ಜೀನಿಯಾದ ಫೆಡರಲ್ ನ್ಯಾಯಾಲಯ 2025ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ಮಂಡಿಯೂ ಅವರದೇ, ತಕ್ಕಡಿಯೂ ಅವರದೇ ಆದಾಗ ಸಣ್ಣ ಸುದ್ದಿತಾಣವೊಂದು ತನ್ನ ಷರತ್ತು ಹಾಕುವುದು ಕಷ್ಟವೆಂಬುದನ್ನು ಒಪ್ಪೋಣ. ಆದರೂ ಅದು ಮಾಡಬಹುದಾದದ್ದು ಇಲ್ಲದಿಲ್ಲ. ಜಾಹೀರಾತನ್ನು ಪುಟದೊಳಗೆ ಬೇಲಿ ಹಾಕಿದ ಚೌಕಟ್ಟಿನಲ್ಲಿರಿಸಿ ಹೊರಗೆ ಕೈಚಾಚದಂತೆ ಕಟ್ಟಿಹಾಕುವ ವಿಧಾನ ಎಂದೋ ಬಂದಿದೆ. ಪ್ರೋಗ್ರಾಮು ರೂಪದ ಜಾಹೀರಾತನ್ನು ನಿರಾಕರಿಸಿ ಬರೀ ಚಿತ್ರವನ್ನು ತನ್ನದೇ ಸರ್ವರಿನಿಂದ ತೋರಿಸಬಹುದು. ಹಣ ಕಡಿಮೆ ಬಂದೀತು. ದೂರು ಕೊಡಲು ಪುಟದಲ್ಲೊಂದು ವಿಳಾಸ, ಭಾನುವಾರವೂ ಅದನ್ನು ನೋಡುವ ಒಬ್ಬ ಮನುಷ್ಯ, ಇಷ್ಟಕ್ಕೂ ಹಣವಿಲ್ಲವೆಂದರೆ ನಂಬುವುದು ಕಷ್ಟ.

ಸದ್ಯದ ಸ್ಥಿತಿಯಲ್ಲಿ ನಷ್ಟವೆಲ್ಲ ಓದುಗನ ತಲೆಗೇ. ಬ್ಯಾಂಕಿನವರು ಮಾವನಿಗೆ ತೋರಿಸಿದ್ದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯನ್ನು. ಮೂರನೆಯವರ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲವೆಂದು ಹೇಳಿದ ಆ ಸುತ್ತೋಲೆ, ಗ್ರಾಹಕನೇ ಗುಟ್ಟಿನ ವಿವರ ಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ಅವನದೇ ಎಂದೂ ಹೇಳಿತ್ತು. ಒಟಿಪಿಯನ್ನು ಅವರೇ ಓದಿ ಹೇಳಿದ್ದರಲ್ಲ.

ಆದ್ದರಿಂದಲೇ, ಪತ್ರಿಕೆಯ ಪುಟದಲ್ಲಿ ಬರೆಯುವಾಗ ಮುಜುಗರವಾದರೂ, ಹೇಳಬೇಕಾದ ಮಾತನ್ನು ಹೇಳುತ್ತೇನೆ: ಜಾಹೀರಾತು ತಡೆಯುವ ತಂತ್ರಾಂಶವನ್ನು ಹಾಕಿಕೊಳ್ಳಿ. ಪತ್ರಿಕೆಗಳು ಬದುಕುವುದೇ ಜಾಹೀರಾತಿನಿಂದ, ಈ ಲೇಖನದ ಸಂಭಾವನೆಯೂ ಅದರಿಂದಲೇ ಬರುತ್ತದೆ ಎಂಬುದನ್ನು ಬಲ್ಲೆ. ಆದರೆ ಅಮೆರಿಕದ ಎಫ್‌ಬಿಐ ಕೂಡ 2022ರ ಡಿಸೆಂಬರಿನಲ್ಲಿ ಹುಡುಕುತಾಣಗಳ ನಕಲಿ ಜಾಹೀರಾತಿನ ಬಗ್ಗೆ ನೀಡಿದ ಪ್ರಕಟಣೆಯಲ್ಲಿ ಇದೇ ಸಲಹೆಯನ್ನು ಕೊಟ್ಟಿತು. ಯುಬ್ಲಾಕ್ ಒರಿಜಿನ್ ಎಂಬುದು ಉಚಿತ, ಅದರ ಮೂಲಸಂಕೇತ ಎಲ್ಲರಿಗೂ ಮುಕ್ತ. ಫೈರ್‌ಫಾಕ್ಸಿನಲ್ಲಿ ಪೂರ್ಣರೂಪದಲ್ಲಿ ಕೆಲಸ ಮಾಡುತ್ತದೆ. ಕ್ರೋಮ್ ತನ್ನ ನಿಯಮಗಳನ್ನು ಬದಲಿಸಿ 2024-25ರಲ್ಲಿ ಅದನ್ನು ಹೊರಗಿಟ್ಟಿತು. ‘ಲೈಟ್’ ಎಂಬ ಹಗುರ ರೂಪವೊಂದೇ ಅಲ್ಲಿ ಉಳಿದಿದೆ. ಕ್ರೋಮನ್ನು ತಯಾರಿಸುವವರೇ ಜಾಹೀರಾತಿನ ಮಂಡಿಯ ಒಡೆಯರೆಂಬುದನ್ನು ಮತ್ತೆ ನೆನಪಿಸಬೇಕಿಲ್ಲ. ಇಂಥ ತಡೆಯನ್ನು ಬ್ರೌಸರಿನ ಅಧಿಕೃತ ಅಂಗಡಿಯಿಂದಲೇ ಪಡೆಯಬೇಕು. ಹುಡುಕುತಾಣದಲ್ಲಿ ಹೆಸರು ಹೊಡೆದು ಮೊದಲ ಸಾಲನ್ನು ಒತ್ತಿದರೆ ಕತೆ ಮತ್ತೆ ಮೊದಲಿನಿಂದ.

ಉಳಿದವು ಹಳೆಯ ಮಾತುಗಳೇ. ಬ್ರೌಸರ್ ನವೀಕರಣವನ್ನು ಮುಂದೂಡಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಮಕ್ಕಳು ಬಿಟ್ಟುಹೋದ ಹಳೆಯ ಯಂತ್ರಗಳನ್ನು ಒಮ್ಮೆ ಬಲ್ಲವರಿಗೆ ತೋರಿಸುವುದು ಲೇಸು. ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಹುಡುಕುತಾಣದಲ್ಲಿ ಹುಡುಕದೆ ಪಾಸ್‌ಪುಸ್ತಕದಲ್ಲೋ ಕಾರ್ಡಿನ ಬೆನ್ನ ಮೇಲೋ ನೋಡಬೇಕು. ಕೆಂಪು ಪರದೆ ಬಂದು ಕೂಗಿಕೊಂಡರೆ ಗಾಬರಿಪಡದೆ ಬ್ರೌಸರನ್ನು ಮುಚ್ಚುವುದು. ಮುಚ್ಚದಿದ್ದರೆ ಯಂತ್ರದ ಗುಂಡಿಯನ್ನು ಹಿಡಿದೊತ್ತಿ ಆರಿಸುವುದು. ಆರಿಸಬೇಡಿ ಎಂದು ಅದು ಬೇಡಿಕೊಳ್ಳುವುದೇ ಆರಿಸಿದರೆ ಅದರ ಆಟ ಮುಗಿಯುತ್ತದೆಂಬ ಕಾರಣಕ್ಕೆ. ಹಣ ಹೋದರೆ 1930ಕ್ಕೆ ಕೂಡಲೇ ಕರೆ. ಕುತಂತ್ರಾಂಶ ತೆಗೆಯುವ ಉಚಿತ ಸಾಧನಗಳು ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿವೆ. 2017ರಿಂದಲೂ ಇರುವ ಈ ಕೇಂದ್ರದ ಹೆಸರನ್ನು ಕೇಳಿದವರು ನನ್ನ ಪರಿಚಿತರಲ್ಲಿ ಇಬ್ಬರು ಮಾತ್ರ.

ಮಾವನ ಕಂಪ್ಯೂಟರಿಗೆ ಅದೇ ವಾರ ತಡೆ ಹಾಕಿಕೊಟ್ಟೆ. ಹತ್ತು ದಿನ ಕಳೆದು ಫೋನು ಮಾಡಿದರು. ಆ ಸುದ್ದಿತಾಣ ಈಗ ಅವರನ್ನು ಒಳಗೇ ಬಿಡುತ್ತಿಲ್ಲವಂತೆ. ‘ಜಾಹೀರಾತುಗಳೇ ನಮಗೆ ಆಧಾರ, ದಯವಿಟ್ಟು ತಡೆಯನ್ನು ತೆಗೆಯಿರಿ’ ಎಂಬ ವಿನಂತಿ ಬಾಗಿಲಲ್ಲಿ ನಿಂತಿದೆಯಂತೆ. ಏನು ಮಾಡಲಯ್ಯಾ ಎಂದು ಕೇಳಿದರು. ಅಷ್ಟು ಇಷ್ಟವಿದ್ದರೆ ವರ್ಷದ ಚಂದಾ ಕಟ್ಟಿ ಓದಿ, ಇಲ್ಲದಿದ್ದರೆ ಬಿಡಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಚಂದಾ ಕಟ್ಟುವುದಕ್ಕೆ ತಕರಾರಿಲ್ಲ. ಕಟ್ಟಿದವರಿಗಾದರೂ ಆ ಜಾಹೀರಾತುಗಳನ್ನು ಮೊದಲು ಅವರು ನೋಡಿ ಹಾಕುತ್ತಾರಂತೋ, ಕೇಳಿ ಹೇಳು’ ಎಂದರು. ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.